ಹೆಸರು ಕೂಗುವಾಗ ಯಾರನ್ನು ಬಿಟ್ಟೆವು?



ಉದ್ದದ ಪೋಸ್ಟು, ಬಿಡುವಾದಾಗ ಓದಿ. ಹೋದ ಭಾನುವಾರ ನಮ್ಮ ತಾಲ್ಲೂಕು ಸಮಿತಿ ಸಭೆಯಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ಹಿರಿಯರೊಬ್ಬರು ಮುಖ ಗಂಟಿಕ್ಕಿಕೊಂಡ್ರು. ಇಬ್ಬರು ಎದ್ದು ಹೋಗಿ ಟೀ ಕುಡಿದು ಬಂದ್ರು. ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ತಮ್ಮ "ಅಕ್ಕ ಎನ್‌ಜಿಒ ಭಾಷೆ ಮಾತಾಡಕ್ಕೆ ಶುರು ಮಾಡವ್ರೆ" ಅಂತ ಬರೆದ. ಅದಕ್ಕೆ ಅಲ್ಲೇ ಉತ್ತರ ಕೊಟ್ಟಿದ್ರೆ ಬೆಳಗ್ಗೆವರೆಗೂ ಜಗಳ ಆಗ್ತಿತ್ತು. ಹಾಗಾಗಿ ಇಲ್ಲಿ ಬರೀತಿದ್ದೀನಿ.

ಪ್ರಶ್ನೆ ಇಷ್ಟೇ. ಪ್ರತಿ ವರ್ಷ ಡಿಸೆಂಬರ್ 6ಕ್ಕೆ, ಬಾಬಾಸಾಹೇಬರ ಪರಿನಿಬ್ಬಾಣದ ದಿನ, ನಾವು ಮೇಣದಬತ್ತಿ ಹಚ್ಚಿ ನಮ್ಮ ಸೀಮೆಯಲ್ಲಿ ಜಾತಿ ದೌರ್ಜನ್ಯಕ್ಕೆ ಸತ್ತವರ ಹೆಸರುಗಳನ್ನ ಒಂದೊಂದಾಗಿ ಕೂಗ್ತೀವಿ. ಪಟ್ಟಿಯಲ್ಲಿ 14 ಹೆಸರಿವೆ. 13 ಗಂಡಸರದು. ಒಂದು ಹೆಣ್ಣಿನದು, ಅದೂ 'ಇಂಥವರ ಹೆಂಡತಿ' ಅಂತ. ಇಪ್ಪತ್ತೈದು ವರ್ಷದಲ್ಲಿ ನಮ್ಮ ಕೇರಿಗಳಲ್ಲಿ ಸತ್ತ ಹೆಣ್ಮಕ್ಕಳು ಅವಳೊಬ್ಬಳೇನಾ? ಇದನ್ನೇ ನಾನು ಕೇಳಿದ್ದು.

'ಎನ್‌ಜಿಒ ಭಾಷೆ' ಅಂದ ತಮ್ಮನ ಮಾತು ಪೂರ್ತಿ ಸುಳ್ಳಲ್ಲ. ಈ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಒಂದು ಎನ್‌ಜಿಒದಿಂದಾನೇ. ಆದರೆ ಅದು ಇಲ್ಲಿಯದಲ್ಲ, ಅಮೆರಿಕದ್ದು. ಕಪ್ಪು ಜನ ಕಟ್ಟಿ ನಡೆಸ್ತಿರೋದು.

ಕೆಲವು ವರ್ಷದ ಹಿಂದೆ ನಮ್ಮ ಅಧ್ಯಯನ ಶಿಬಿರಕ್ಕೆ ಬೆಂಗಳೂರಿಂದ ಲಾ ಓದ್ತಿದ್ದ ಒಬ್ಬ ಹುಡುಗಿ ಬಂದಿದ್ಲು. ರಾತ್ರಿ ಊಟ ಆದ್ಮೇಲೆ ಲ್ಯಾಪ್‌ಟಾಪಲ್ಲಿ ಒಂದು ಭಾಷಣ ಹಾಕಿದ್ಲು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಅವಳೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದ್ಲು. 2016ರ ಟೆಡ್ ಭಾಷಣ ಅದು. ಮಾತಾಡ್ತಿದ್ದವರು ಕಿಂಬರ್ಲೆ ಕ್ರೆನ್‌ಶಾ ಅನ್ನೋ ಕಪ್ಪು ಮಹಿಳೆ, ಕಾನೂನು ಪ್ರಾಧ್ಯಾಪಕಿ. 1996ರಲ್ಲಿ ಲ್ಯೂಕ್ ಹ್ಯಾರಿಸ್ ಅನ್ನೋರ ಜೊತೆ ಸೇರಿ ಆಫ್ರಿಕನ್ ಅಮೆರಿಕನ್ ಪಾಲಿಸಿ ಫೋರಂ ಅನ್ನೋ ಸಂಸ್ಥೆ ಕಟ್ಟಿದವರು.

ಭಾಷಣದ ಶುರುವಲ್ಲೇ ಆಕೆ ಸಭೇಲಿದ್ದ ಎಲ್ಲರನ್ನೂ ಎದ್ದು ನಿಲ್ಲಿ ಅಂತಾರೆ. ನಾನು ಒಂದೊಂದೇ ಹೆಸರು ಹೇಳ್ತೀನಿ, ಗೊತ್ತಿಲ್ಲದ ಹೆಸರು ಬಂದಾಗ ಕೂತ್ಕೊಳ್ಳಿ ಅಂತಾರೆ. ಎರಿಕ್ ಗಾರ್ನರ್. ಮೈಕ್ ಬ್ರೌನ್. ಟಮೀರ್ ರೈಸ್. ಫ್ರೆಡ್ಡಿ ಗ್ರೇ. ಎಲ್ಲರೂ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಗಂಡಸರು. ಟಮೀರ್ ಅಂತೂ ಆಟದ ಪಿಸ್ತೂಲು ಹಿಡ್ಕೊಂಡಿದ್ದ 12 ವರ್ಷದ ಹುಡುಗ. ಅಷ್ಟು ಹೆಸರು ಮುಗಿದಾಗಲೂ ಸಭೇಲಿ ತುಂಬಾ ಜನ ನಿಂತೇ ಇದ್ರು. ಆಮೇಲೆ ಮಿಶೆಲ್ ಕುಸೋ, ತನಿಷಾ ಆಂಡರ್ಸನ್ ಅಂತ ಶುರು ಮಾಡ್ತಾರೆ. ದಬದಬ ಅಂತ ಜನ ಕೂರ್ತಾರೆ. ಕೊನೆಗೆ ನಿಂತಿರೋರು ಬೆರಳೆಣಿಕೆ. ಇವರೂ ಪೊಲೀಸರ ಕೈಯಲ್ಲೇ ಸತ್ತವರು, ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ವ್ಯತ್ಯಾಸ ಒಂದೇ, ಹೆಂಗಸರು.

ನಾನೂ ಚಾಪೆ ಮೇಲೆ ಕೂತಿದ್ದೆ. ಕೂತೇ ಇದ್ನಲ್ಲ, ಯಾರಿಗೂ ಗೊತ್ತಾಗಲಿಲ್ಲ. ಮೊದಲನೇ ಪಟ್ಟಿಯ ಎರಡು ಹೆಸರು ನನಗೂ ಗೊತ್ತಿತ್ತು. ಎರಡನೇ ಪಟ್ಟಿಯದು ಒಂದೂ ಗೊತ್ತಿರಲಿಲ್ಲ.

ಆಮೇಲೆ ಆ ಹುಡುಗಿ ಹತ್ರ ಕೇಳಿ ಕೇಳಿ ತಿಳ್ಕೊಂಡೆ. ಕ್ಲೀವ್‌ಲ್ಯಾಂಡ್ ಅಂತ ಒಂದು ಊರು, ಓಹಾಯೋ ರಾಜ್ಯದಲ್ಲಿ. 2014ರ ನವೆಂಬರ್ 22ರಂದು ಅಲ್ಲಿ ಟಮೀರ್‌ಗೆ ಗುಂಡು ಹೊಡೆದರು. ಪ್ರಪಂಚಕ್ಕೆಲ್ಲ ಗೊತ್ತಾಯ್ತು, ಗೊತ್ತಾಗಬೇಕಾದ್ದೇ. ಅದಕ್ಕೆ ಒಂಬತ್ತು ದಿನ ಮುಂಚೆ ಅದೇ ಊರಲ್ಲಿ, ಅದೇ ಪೊಲೀಸ್ ಇಲಾಖೆಯವರ ಕೈಯಲ್ಲಿ 37 ವರ್ಷದ ತನಿಷಾ ಆಂಡರ್ಸನ್ ಸತ್ತಿದ್ಲು. ಅವಳಿಗೆ ಮಾನಸಿಕ ಕಾಯಿಲೆ ಇತ್ತು. ಮನೆಯವರೇ ಸಹಾಯ ಮಾಡಿ ಅಂತ ಫೋನ್ ಮಾಡಿ ಕರೆಸಿದ್ರು. ಬಂದವರು ಅವಳನ್ನ ನೆಲಕ್ಕೆ ಬೋರಲು ಹಾಕಿ ಅದುಮಿದ್ರು. ಒಂದೇ ಊರು, ಒಂದೇ ಖಾಕಿ, ಒಂಬತ್ತು ದಿನದ ಅಂತರ. ಒಂದು ಹೆಸರು ಮಂಡ್ಯದ ಹಳ್ಳಿವರೆಗೂ ಬಂತು, ಇನ್ನೊಂದು ಬರಲಿಲ್ಲ.

ಮಿಶೆಲ್ ಕುಸೋದೂ ಅಂಥದ್ದೇ. ಫೀನಿಕ್ಸ್ ನಗರದಲ್ಲಿ ಅವಳನ್ನ ಮಾನಸಿಕ ಚಿಕಿತ್ಸೆಗೆ ಕರ್ಕೊಂಡು ಹೋಗೋಕೆ ಬಂದ ಪೊಲೀಸರು ಅವಳ ಮನೇಲೇ ಗುಂಡು ಹೊಡೆದ್ರು. 2014ರ ಆಗಸ್ಟ್, ಮೈಕ್ ಬ್ರೌನ್ ಸತ್ತ ಐದು ದಿನಕ್ಕೆ. ಅವಳ ತಾಯಿ ಫ್ರಾನ್ ಗ್ಯಾರೆಟ್ ಏನು ಮಾಡಿದ್ಲು ಗೊತ್ತಾ? ಮಗಳ ಶವಪೆಟ್ಟಿಗೆಯನ್ನ ಬೀದಿಲಿ ಮೆರವಣಿಗೆ ಮಾಡಿಸ್ಕೊಂಡು ಸಿಟಿ ಹಾಲ್‌ವರೆಗೂ ಹೋದ್ಲು. ನಮ್ಮಲ್ಲಿ ಹೆಣ ಇಟ್ಕೊಂಡು ತಾಲ್ಲೂಕು ಕಚೇರಿ ಮುಂದೆ ಕೂತವರಿಗೆ ಈ ತಾಯಿ ಹೊಸಬಳು ಅನ್ನಿಸಲ್ಲ.

2014ರ ಡಿಸೆಂಬರಲ್ಲಿ ಆ ಸಂಸ್ಥೆ ಒಂದು ಅಭಿಯಾನ ಶುರು ಮಾಡ್ತು. 'ಸೇ ಹರ್ ನೇಮ್', ಅವಳ ಹೆಸರು ಹೇಳಿ. ಮುಂದಿನ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರಲ್ಲಿ ಸತ್ತ ಹೆಣ್ಮಕ್ಕಳ ಮನೆಯವರನ್ನ ಒಟ್ಟಿಗೆ ಸೇರಿಸಿದ್ರು, ಒಂದು ವರದಿನೂ ತಂದ್ರು. ವರದಿ, ಹ್ಯಾಶ್‌ಟ್ಯಾಗು ಎಲ್ಲ ಸರಿ. ನನಗೆ ಹಿಡಿಸಿದ್ದು ಬೇರೆ. ಆ ತಾಯಂದಿರನ್ನ ಫೋಟೋ ತೆಗೆಸಿ ವಾಪಸ್ ಕಳಿಸಿಬಿಡಲಿಲ್ಲ. ಅವರದೇ ಒಂದು ಬಳಗ ಕಟ್ಟಿದ್ರು. ಹೊಸದಾಗಿ ಮಗಳನ್ನ ಕಳ್ಕೊಂಡವಳಿಗೆ ಹಳೆಯ ತಾಯಿ ಫೋನ್ ಮಾಡೋ ಹಾಗೆ. 2023ರಲ್ಲಿ ಅವರ ಮಾತುಗಳನ್ನೇ ಸೇರಿಸಿ ಪುಸ್ತಕ ತಂದ್ರು.

ಫಂಡಿಂಗ್ ಸಂಸ್ಥೆಗಳ ಬಗ್ಗೆ ನನಗೂ ನಿಮ್ಮಷ್ಟೇ ಅನುಮಾನ ಇದೆ. ನಮ್ಮ ಕೇರಿಗೆ ಕಾರಲ್ಲಿ ಬಂದು ಫಾರಂ ತುಂಬಿಸ್ಕೊಂಡು ಹೋದವರನ್ನ ಸಾಕಷ್ಟು ನೋಡಿದೀನಿ. ಆದರೆ ಸತ್ತವಳ ಹೆಸರನ್ನ ಅವಳ ತಾಯಿ ಹೆಸರಿನ ಜೊತೆಗೇ ನೆನಪಿಟ್ಟುಕೊಳ್ಳೋ ಕೆಲಸವನ್ನ ನಾವು ಮಾಡದೇ ಇದ್ದಾಗ, ಮಾಡಿದವರನ್ನ ಎನ್‌ಜಿಒ ಅಂತ ಮೂದಲಿಸೋಕೆ ನನಗೆ ನಾಲಿಗೆ ಬರಲ್ಲ.

ಈಗ ನನ್ನ ವಿಷಯ.

1997. ನಾನು ಸೆಕೆಂಡ್ ಪಿಯುಸಿ. ನನ್ನವ್ವನ ತಂಗಿ, ನನ್ನ ಚಿಕ್ಕವ್ವ, ನಮ್ಮ ಕೇರಿಲೇ ಇದ್ಲು. ಗಂಡ ಬಿಟ್ಟು ಹೋಗಿದ್ದ. ನಾಲ್ಕು ವರ್ಷದ ಮಗಳು. ಊರಿನ ದೊಡ್ಡವರ ಕಬ್ಬಿನ ಗದ್ದೇಲಿ ಕೂಲಿ. ಎರಡು ತಿಂಗಳ ಕೂಲಿ ಬಾಕಿ ಇತ್ತು, ಕೇಳಿ ಕೇಳಿ ಸಾಕಾಗಿ "ಸಂಘದೋರ್‌ಗೆ ಯೋಳ್ತೀನಿ" ಅಂತ ಕಟ್ಟೆ ಮುಂದೆ ನಿಂತು ಕೂಗಿ ಬಂದಿದ್ಲಂತೆ. ಮೂರನೇ ದಿನ ಸಾಯಂಕಾಲ ಸೋಗೆ ತರೋಕೆ ಹೋದವಳು ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ನಾಲೇಲಿ ಸಿಕ್ಕಿದ್ಲು. ಸೀರೆ ಮೈಮೇಲಿರಲಿಲ್ಲ. ಎಡಗೈಲಿ ಬಳೆ ಒಂದೂ ಇರಲಿಲ್ಲ, ಬಲಗೈಲಿ ಪೂರ್ತಿ ಇದ್ವು. ಇದನ್ನ ಅವ್ವ ಇವತ್ತಿಗೂ ಹೇಳ್ತಾಳೆ.

ಸ್ಟೇಷನ್ನಲ್ಲಿ ಯುಡಿಆರ್ ಮಾಡಿದ್ರು. ಅಸಹಜ ಸಾವು. ಕಾರಣದ ಜಾಗದಲ್ಲಿ 'ಹೊಟ್ಟೆನೋವು ತಾಳಲಾರದೆ' ಅಂತ ಬರೆದ್ರು. ಈ ನಾಡಲ್ಲಿ ಎಷ್ಟು ಹೆಣ್ಮಕ್ಕಳು ಹೊಟ್ಟೆನೋವು ತಾಳಲಾರದೆ ಸತ್ತಿದಾರೆ ಅಂತ ಯಾರಾದ್ರೂ ಹಳೇ ಫೈಲು ತೆಗೆದು ನೋಡಬೇಕು. ಚಿಕ್ಕವ್ವನಿಗೆ ಹೊಟ್ಟೆನೋವಿರಲಿಲ್ಲ. ಅವ್ವ ಹೆಬ್ಬೆಟ್ಟು ಒತ್ತಿದ್ಲು.

ಅದೇ ಹದಿನೈದು ದಿನದೊಳಗೆ ಪಕ್ಕದ ಊರಲ್ಲಿ ಹಬ್ಬಕ್ಕೆ ತಮಟೆ ಹೊಡೆಯಲ್ಲ ಅಂದ ಅಂತ ಒಬ್ಬ ಹುಡುಗನ ಎರಡೂ ಕೈ ಮುರಿದ್ರು. ದೊಡ್ಡ ಸುದ್ದಿ ಆಯ್ತು. ಸಂಘಟನೆ ಜಾಥಾ ತೆಗೀತು, ಮೂರು ತಾಲ್ಲೂಕಿಂದ ಜನ ಬಂದ್ರು, ಆ ಕೇಸಲ್ಲಿ ಅರೆಸ್ಟೂ ಆಯ್ತು. ನ್ಯಾಯವಾದ ಹೋರಾಟ. ನಾನೂ ಹೋಗಿದ್ದೆ. ಚಿಕ್ಕವ್ವನ ಹನ್ನೊಂದನೇ ದಿನದ ಮಾರನೇ ಬೆಳಗ್ಗೆ ಲಾರೀಲಿ ನಿಂತ್ಕೊಂಡು ಗಂಟಲು ಹರಿಯೋ ಹಾಗೆ ಘೋಷಣೆ ಕೂಗಿದೆ. ಅವತ್ತು ಒಬ್ಬ ಅಣ್ಣನ ಹತ್ರ ಚಿಕ್ಕವ್ವನ ವಿಷಯ ತೆಗೆದೆ. ಅವರು ಒಳ್ಳೆಯವರೇ, ನನ್ನನ್ನ ಓದಿಸಿದವರಲ್ಲಿ ಒಬ್ಬರು. "ಅದು ಮಾನದ ವಿಷ್ಯ ಕಣವ್ವ, ಎತ್ತುದ್ರೆ ನಿಮ್ಗೇ ಕೆಟ್ಟೆಸ್ರು. ಇದು ಸಮುದಾಯದ ವಿಷ್ಯ, ಇದು ಮೊದ್ಲು ಮುಗೀಲಿ" ಅಂದ್ರು.

ಆಯ್ತು ಅಣ್ಣ ಅಂದೆ. ಮುಗೀಲಿ ಅಂತ ಕಾಯ್ತಾ ಇದೀನಿ.

ಕ್ಲೀವ್‌ಲ್ಯಾಂಡಿನ ಒಂಬತ್ತು ದಿನದ ಕಥೆ ಕೇಳಿದಾಗ ಆ ಚಾಪೆ ಮೇಲೆ ನಾನ್ಯಾಕೆ ಎದ್ದು ಹೊರಗೆ ಹೋದೆ ಅಂತ ಆ ಹುಡುಗಿಗೆ ಅವತ್ತು ಹೇಳಲಿಲ್ಲ. ಇದನ್ನ ಓದ್ತಿದ್ರೆ, ಇದೇ ಕಾರಣ ಕಣಮ್ಮ.

ಕ್ರೆನ್‌ಶಾ 1989ರಲ್ಲಿ ಬರೆದ ಒಂದು ಲೇಖನದಲ್ಲಿ 'ಇಂಟರ್‌ಸೆಕ್ಷನಾಲಿಟಿ' ಅನ್ನೋ ಪದ ತಂದವರು. ಈಗ ಸೆಮಿನಾರುಗಳಲ್ಲಿ ಅದನ್ನ ಕೇಳಿ ಕೇಳಿ ಕಿವಿ ತೂತಾಗಿದೆ. ಆದರೆ ಅದು ಹುಟ್ಟಿದ್ದು ಕಾರ್ಖಾನೆ ಕೂಲಿ ಹೆಂಗಸರ ಕೇಸುಗಳಿಂದ. ಜನರಲ್ ಮೋಟಾರ್ಸ್ ಕಂಪನಿ ಮೇಲೆ ಐದು ಜನ ಕಪ್ಪು ಹೆಂಗಸರು ಕೇಸು ಹಾಕಿದ್ರು. 1964ಕ್ಕೆ ಮುಂಚೆ ಆ ಕಂಪನಿ ಕಪ್ಪು ಹೆಂಗಸರನ್ನ ಕೆಲಸಕ್ಕೇ ತಗೊಂಡಿರಲಿಲ್ಲ. ಆಮೇಲೆ ಕಷ್ಟಕಾಲ ಬಂದಾಗ ಕೊನೆಗೆ ಸೇರಿದವರನ್ನ ಮೊದಲು ತೆಗೀತೀವಿ ಅಂತ ನಿಯಮ ಮಾಡಿ ಅವರನ್ನೇ ತೆಗೀತು. 1976ರಲ್ಲಿ ಕೋರ್ಟು ಏನಂತು? ನೀವು ಜನಾಂಗ ತಾರತಮ್ಯ ಅಂತ ಬನ್ನಿ, ಇಲ್ಲ ಹೆಣ್ಣು-ಗಂಡು ತಾರತಮ್ಯ ಅಂತ ಬನ್ನಿ, ಎರಡನ್ನೂ ಸೇರಿಸ್ಕೊಂಡು ಬರೋ ಹಾಗಿಲ್ಲ. ಕಂಪನೀಲಿ ಹೆಂಗಸರಿದ್ರು, ಅವರು ಬಿಳಿಯರು. ಕಪ್ಪು ಜನ ಇದ್ರು, ಅವರು ಗಂಡಸರು. ಹಾಗಾಗಿ ಇಬ್ಬರಿಗೂ ತಾರತಮ್ಯ ಆಗಿಲ್ಲ ಅಂತ ಲೆಕ್ಕ. ನಡುವೆ ಇದ್ದ ಕಪ್ಪು ಹೆಂಗಸರು ಯಾರ ಲೆಕ್ಕಕ್ಕೂ ಇಲ್ಲ.

ಅದಕ್ಕೆ ಕ್ರೆನ್‌ಶಾ ರಸ್ತೆಗಳು ಕೂಡೋ ಸರ್ಕಲ್ಲಿನ ಹೋಲಿಕೆ ಕೊಟ್ರು. ಸರ್ಕಲ್ ಮಧ್ಯೆ ನಿಂತವಳಿಗೆ ಎಲ್ಲಾ ಕಡೆಯಿಂದ್ಲೂ ಗಾಡಿ ಬಂದು ಗುದ್ದಬಹುದು. ಯಾವ ಗಾಡಿ ಡ್ರೈವರ್ ಗುದ್ದಿದ್ದು ಅಂತ ಹೇಳೋವರೆಗೂ ಆಂಬುಲೆನ್ಸ್ ಕಳಿಸಲ್ಲ ಅನ್ನೋದು ಎಂಥ ನ್ಯಾಯ ಅಂತ ಅದರಲ್ಲೇ ಕೇಳ್ತಾರೆ. ಎರಡು ಸ್ಟೇಷನ್ ಗಡೀಲಿ ಆಕ್ಸಿಡೆಂಟ್ ಆದಾಗ 'ಇದು ನಮ್ ಲಿಮಿಟ್ಸ್ ಅಲ್ಲ' ಅಂತ ಹೆಣ ರಸ್ತೇಲಿ ಬಿಟ್ಟಿದ್ದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ವರ್ಷದ ಹಿಂದೆ ಒಬ್ಬ ಅಡುಗೆ ಕೆಲಸದ ಹೆಣ್ಮಗಳ ಜೊತೆ ನಾನು ಸ್ಟೇಷನ್ನಿಗೆ ಹೋದೆ. ಯಾವ ಊರು ಅಂತ ಬರೆಯಲ್ಲ. ರೈಟರ್ ಪೆನ್ನು ಹಿಡ್ಕೊಂಡು, "ಜಾತಿ ಹಿಡಿದು ಬೈದ್ನಾ, ಕೈ ಹಿಡಿದು ಎಳೆದ್ನಾ? ಒಂದು ಹೇಳಮ್ಮ" ಅಂದ.

"ಎರಡೂ ಸಾ. ಬೈಕಂಡೇ ಎಳ್ದ."

"ಹಂಗೆಲ್ಲ ಕಲ್ಸಿ ಬರ್ಯಕ್ಕಾಗಲ್ಲ."

ಬರೆಯೋಕೆ ಆಗುತ್ತೆ. ಬರೆಸಿದ್ವಿ, ರಾತ್ರಿ ಒಂಬತ್ತೂವರೆವರೆಗೆ ಬೆಂಚಲ್ಲಿ ಕೂತು ಬರೆಸಿದ್ವಿ. ಆದರೆ ಅದಾದ ವಾರಕ್ಕೆ ಮಹಿಳಾ ಸಂಘಟನೆಯ ಒಬ್ಬರು ಮೇಡಂ ಫೋನ್ ಮಾಡಿ, ಪ್ರತಿಭಟನೆಗೆ ನಾವೂ ಬರ್ತೀವಿ, ಜಾತಿ ವಿಷಯ ಜಾಸ್ತಿ ತರಬೇಡಿ, ಇದು ಎಲ್ಲಾ ಹೆಣ್ಣಿನ ಸಮಸ್ಯೆ ಅಂದ್ರು. ನಮ್ಮವರು ಹೆಣ್ಣಿನ ವಿಷ್ಯ ಬೇಡ ಅಂತಾರೆ, ಅವರು ಜಾತಿ ವಿಷಯ ಬೇಡ ಅಂತಾರೆ. ಆ ಅಡುಗೆಯವಳು ಯಾವುದನ್ನ ಮನೇಲಿ ಬಿಟ್ಟು ಬರಬೇಕು?

ಸುಪ್ರೀಂ ಕೋರ್ಟಿಗೂ ಈ ಪದ ಬಂದಿದೆ. 2021ರ ಏಪ್ರಿಲ್ಲಿನ ಒಂದು ತೀರ್ಪು, ಆಂಧ್ರದ ಪ್ರಕರಣ. ಹುಟ್ಟಿನಿಂದ ಕಣ್ಣು ಕಾಣದ ಪರಿಶಿಷ್ಟ ಜಾತಿಯ ಹೆಣ್ಮಗಳ ಮೇಲೆ ಅತ್ಯಾಚಾರ. ಹೆಣ್ಣು, ಜಾತಿ, ಅಂಗವೈಕಲ್ಯ ಮೂರೂ ಒಂದರೊಳಗೊಂದು ಹೆಣೆದುಕೊಂಡು ಹೇಗೆ ಕೆಲಸ ಮಾಡ್ತವೆ ಅಂತ ತೀರ್ಪಲ್ಲಿ ಪುಟಗಟ್ಟಲೆ ಬರೆದಿದಾರೆ. ಅತ್ಯಾಚಾರದ ಜೀವಾವಧಿ ಶಿಕ್ಷೆ ಎತ್ತಿ ಹಿಡಿದ್ರು. ಆದರೆ ದೌರ್ಜನ್ಯ ತಡೆ ಕಾಯ್ದೆ ಕೆಳಗಿನ ಶಿಕ್ಷೆ ರದ್ದಾಯ್ತು. ಅವಳ ಜಾತಿಯ ಕಾರಣಕ್ಕೇ ಮಾಡಿದ ಅನ್ನೋದಕ್ಕೆ ಬೇರೆ ಸಾಕ್ಷಿ ಇಲ್ಲ ಅಂತ. ಆ ಘಟನೆ ನಡೆದಾಗ ಕಾಯ್ದೆ ಹಾಗಿತ್ತು, 2016ರ ಜನವರಿಯಿಂದ ತಿದ್ದುಪಡಿ ಬಂದು 'ಜಾತಿ ಗೊತ್ತಿದ್ದೂ ಮಾಡಿದ್ರೆ ಸಾಕು' ಅಂತ ಆಗಿದೆ. ಆದ್ರೂ ಓದುವಾಗ ಹೊಟ್ಟೆ ಉರೀತು. ಸರ್ಕಲ್ ಕಂಡಿತು, ಗಾಡಿ ನಂಬರ್ ಮಾತ್ರ ಒಂದೇ ಬರ್ಕೊಂಡ್ರು.

ಖೈರ್ಲಾಂಜಿ ನೆನಪಿದೆ ತಾನೆ? 2006ರ ಸೆಪ್ಟೆಂಬರ್ 29. ಅಲ್ಲೂ ದೌರ್ಜನ್ಯ ಕಾಯ್ದೆ ಅನ್ವಯ ಆಗಲಿಲ್ಲ. ಆ ಊರಿನ ಹೆಸರು ನಮ್ಮ ಎಲ್ಲಾ ಭಾಷಣದಲ್ಲೂ ಬರುತ್ತೆ. ನಾನು ಹೋದ ವರ್ಷದ ಶಿಬಿರದಲ್ಲಿ ಕ್ರೆನ್‌ಶಾ ಮಾಡಿದ್ದನ್ನೇ ಮಾಡಿ ನೋಡಿದೆ. ಮೂವತ್ತೆಂಟು ಜನ ಇದ್ರು, ಅರ್ಧಕ್ಕರ್ಧ ಹೆಣ್ಮಕ್ಕಳು. ಎಲ್ಲರೂ ನಿಲ್ಲಿ ಅಂದೆ. ರೋಹಿತ್ ವೇಮುಲ ಅಂದೆ, ಒಬ್ಬರೂ ಕೂರಲಿಲ್ಲ. ಖೈರ್ಲಾಂಜಿ ಅಂದೆ, ಒಬ್ಬಿಬ್ಬರು ಸಣ್ಣ ಹುಡುಗರು ಕೂತರು. ಭೈಯ್ಯಾಲಾಲ್ ಭೋತಮಾಂಗೆ ಅಂದೆ, ಅರ್ಧ ಜನ ಕೂತ್ರು. ಸುರೇಖಾ ಭೋತಮಾಂಗೆ ಅಂದೆ. ಆರು ಜನ ಉಳಿದ್ರು.

ಸುರೇಖಾ ಯಾರು? ಖೈರ್ಲಾಂಜಿಯಲ್ಲಿ ಕೊಂದದ್ದು ಅವಳನ್ನ, ಅವಳ ಮಕ್ಕಳನ್ನ. ಭೈಯ್ಯಾಲಾಲ್ ಅವಳ ಗಂಡ, ಬದುಕುಳಿದು ಕೇಸು ನಡೆಸಿದವರು, ದೊಡ್ಡ ಮನುಷ್ಯ. ಆದರೆ ಆ ಮನೆ ಮೇಲೆ ಜನ ಯಾಕೆ ನುಗ್ಗಿದ್ರು? ತಮ್ಮವನೊಬ್ಬನ ಮೇಲೆ ಹಲ್ಲೆ ಮಾಡಿದವರನ್ನ ಸುರೇಖಾ ಪೊಲೀಸರ ಮುಂದೆ ಗುರುತಿಸಿದ್ಲು. ಸಾಕ್ಷಿ ಹೇಳೋಕೆ ಹೆದರಲಿಲ್ಲ. ತುಂಡು ಭೂಮಿಗೋಸ್ಕರ ವರ್ಷಗಟ್ಟಲೆ ಬಡಿದಾಡಿದ್ಲು. ಅವಳು ಬರೀ ಬಲಿ ಅಲ್ಲ, ಹೋರಾಟಗಾರ್ತಿ. ನಾವು ಅವಳನ್ನ ಒಂದು ಊರಿನ ಹೆಸರೊಳಗೆ ಹೂತುಬಿಟ್ವಿ.

ಅವತ್ತು ನನಗೆ ಇನ್ನೊಂದು ಹೊಳೀತು. ಕಪ್ಪು ಜನ ವ್ಯಕ್ತಿಯ ಹೆಸರು ಹೇಳ್ತಾರೆ. ನಾವು ಊರಿನ ಹೆಸರು ಹೇಳ್ತೀವಿ. ಕಾರಂಚೇಡು, ಚುಂಡೂರು, ಬದನವಾಳು, ಕಂಬಾಲಪಲ್ಲಿ. ಕೊಂದಿದ್ದು ಒಬ್ಬಿಬ್ಬರಲ್ಲ, ಊರಿಗೆ ಊರೇ ಅಂತ ತೋರಿಸೋಕೆ ಅದು ಬೇಕು. ಅಪರಾಧಿಯ ಹೆಸರಾಗಿ ಊರಿನ ಹೆಸರು ಸರಿಯೇ. ಸತ್ತವರ ಹೆಸರಾಗಿ ಸಾಲಲ್ಲ.

ಒಬ್ಬ ತಮ್ಮ ಶಿಬಿರದಲ್ಲೇ ಎದ್ದು ಕೇಳಿದ: "ಅಕ್ಕ, ಲೆಕ್ಕ ತೆಗುದ್ರೆ ಪೊಲೀಸ್ರ ಗುಂಡಿಗೆ ಸತ್ತೋರಲ್ಲಿ ಗಂಡಸ್ರೇ ಜಾಸ್ತಿ ಅಲ್ವಾ ಅಮೆರಿಕದಲ್ಲಿ?" ಹೌದು, ಗಂಡಸರೇ ಜಾಸ್ತಿ, ತುಂಬಾನೇ ಜಾಸ್ತಿ. ಅದನ್ನ ಆ ಸಂಸ್ಥೆಯವರೂ ಇಲ್ಲ ಅನ್ನಲ್ಲ. ಅವರ ಮಾತು, ಹೆಣ್ಣು ಹೇಗೆ ಸಾಯ್ತಾಳೆ ಅನ್ನೋದನ್ನ ನೋಡದೇ ಇದ್ರೆ ಪೊಲೀಸ್ ದೌರ್ಜನ್ಯ ಅಂದ್ರೆ ಏನು ಅನ್ನೋದೇ ಅರ್ಧ ಮಾತ್ರ ಕಾಣುತ್ತೆ ಅಂತ. ಗಂಡಸು ಬೀದೀಲಿ ಸಾಯ್ತಾನೆ, ಯಾರೋ ಮೊಬೈಲಲ್ಲಿ ಹಿಡೀತಾರೆ. ಹೆಣ್ಣು ಎಷ್ಟೋ ಸಲ ಮನೆಯೊಳಗೆ ಸಾಯ್ತಾಳೆ. ಬ್ರಿಯಾನಾ ಟೇಲರ್, 26 ವರ್ಷ, 2020ರ ಮಾರ್ಚ್ 13, ಲೂಯಿವಿಲ್ ನಗರದ ತನ್ನದೇ ಮನೇಲಿ, ನಡುರಾತ್ರಿ ಬಾಗಿಲು ಒಡೆದು ಬಂದವರ ಗುಂಡಿಗೆ. ಜಾರ್ಜ್ ಫ್ಲಾಯ್ಡ್ ಸತ್ತಿದ್ದು ಅದಾಗಿ ಎರಡು ತಿಂಗಳ ಮೇಲೆ. ಬ್ರಿಯಾನಾ ಹೆಸರು ದೇಶಕ್ಕೆಲ್ಲ ಹಬ್ಬಿದ್ದೂ ಹೆಚ್ಚುಕಮ್ಮಿ ಆಮೇಲೇನೇ. ಅಯಾನಾ ಸ್ಟಾನ್ಲಿ-ಜೋನ್ಸ್, ಡೆಟ್ರಾಯ್ಟ್, 2010. ಏಳು ವರ್ಷ. ಸೋಫಾ ಮೇಲೆ ಅಜ್ಜಿ ಹತ್ರ ಮಲಗಿದ್ಲು. ಪೊಲೀಸರ ಜೊತೆ ಟಿವಿ ಕಾರ್ಯಕ್ರಮದವರು ಶೂಟಿಂಗಿಗೆ ಬಂದಿದ್ರು. ಗುಂಡು ಹೊಡೆದವನ ಮೇಲೆ ಎರಡು ಸಲ ವಿಚಾರಣೆ ನಡೆದು ಎರಡು ಸಲವೂ ಜ್ಯೂರಿ ತೀರ್ಮಾನಕ್ಕೆ ಬರಲಿಲ್ಲ, ಕೇಸು ಬಿಟ್ಟರು. ಸಾಂಡ್ರಾ ಬ್ಲ್ಯಾಂಡ್, 28 ವರ್ಷ, ಟೆಕ್ಸಸ್, 2015. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕಲಿಲ್ಲ ಅಂತ ಕಾರು ನಿಲ್ಲಿಸಿದ್ರು, ಮೂರನೇ ದಿನ ಜೈಲಿನ ಕೋಣೇಲಿ ಹೆಣ. ಆತ್ಮಹತ್ಯೆ ಅಂತ ಬರೆದ್ರು.

ಮತ್ತೆ ರೆಕಿಯಾ ಬಾಯ್ಡ್. 22 ವರ್ಷ, ಶಿಕಾಗೋ, 2012. ಡ್ಯೂಟಿ ಮುಗಿಸಿದ್ದ ಪೊಲೀಸ್ ತನ್ನ ಕಾರಲ್ಲೇ ಕೂತು ಜನರ ಗುಂಪಿನ ಮೇಲೆ ಗುಂಡು ಹೊಡೆದ. ನಿರ್ಲಕ್ಷ್ಯದಿಂದ ಸಾವು ಅಂತ ಚಾರ್ಜ್ ಹಾಕಿದ್ರು. 2015ರಲ್ಲಿ ಜಡ್ಜ್ ಬಿಟ್ಟುಬಿಟ್ರು. ಕಾರಣ ಕೇಳಿ: ಇವನು ಬೇಕಂತಲೇ ಹೊಡೆದಿದ್ದಾನೆ, ಹಾಗಾಗಿ ನಿರ್ಲಕ್ಷ್ಯ ಅನ್ನೋ ಚಾರ್ಜ್ ನಿಲ್ಲಲ್ಲ! ಅಟ್ರಾಸಿಟಿ ಕೇಸುಗಳ ಹಿಂದೆ ಕೋರ್ಟು ಅಲೆದವರು ಇದನ್ನ ಓದಿ ನಗಬೇಕೋ ಅಳಬೇಕೋ ನೀವೇ ಹೇಳಿ.

ಆ ಸಂಸ್ಥೆಯವರು ಸರ್ಕಾರ ಯಾವುದು ಅಂತ ನೋಡಿ ಸುಮ್ಮನಾದವರೂ ಅಲ್ಲ. 2014ರಲ್ಲಿ ಒಬಾಮ ಅವರು 'ಮೈ ಬ್ರದರ್ಸ್ ಕೀಪರ್' ಅಂತ ಒಂದು ಯೋಜನೆ ತಂದ್ರು, ಕಪ್ಪು ಮತ್ತಿತರ ವರ್ಣದ ಗಂಡುಹುಡುಗರಿಗೆ. ದೇಶದ ಮೊದಲ ಕಪ್ಪು ಅಧ್ಯಕ್ಷ. ಅವರ ಯೋಜನೇನ ಪ್ರಶ್ನೆ ಮಾಡೋದು ಅಂದ್ರೆ ಮನೆಯೊಳಗಿನ ಜಗಳ ಬೀದಿಗೆ ತಂದ ಹಾಗೆ. ಆದರೂ ಕೇಳಿದ್ರು, ಅದೇ ಬಡತನ, ಅದೇ ಶಾಲೆ, ಅದೇ ಕೇರಿ, ಹೆಣ್ಣುಮಕ್ಕಳು ಎಲ್ಲಿ ಅಂತ. ಮೊದಲು ಇನ್ನೂರು ಚಿಲ್ಲರೆ ಕಪ್ಪು ಗಂಡಸರು ಪತ್ರ ಬರೆದ್ರು, ಹಿಂದೆಯೇ ಸಾವಿರಕ್ಕೂ ಹೆಚ್ಚು ಹೆಂಗಸರು. ಗಂಡಸರು ಮೊದಲು ಬರೆದ್ರು ಅನ್ನೋದನ್ನ ನಮ್ಮ ಅಣ್ಣಂದಿರು ಎರಡು ಸಲ ಓದ್ಬೇಕು ಅಂತ ನನ್ನ ಆಸೆ.

2015ರ ಫೆಬ್ರವರಿಯಲ್ಲಿ ಅವರು ಶಾಲೆಗಳ ಬಗ್ಗೆ ಒಂದು ವರದಿ ತಂದ್ರು. ಕಪ್ಪು ಹುಡುಗಿಯರನ್ನ ಶಾಲೆಯಿಂದ ಹೇಗೆ ತಳ್ತಾರೆ ಅಂತ. ಆಗಿನ ಸರ್ಕಾರಿ ಅಂಕಿ ಪ್ರಕಾರ ಕಪ್ಪು ಹುಡುಗಿಯರಲ್ಲಿ ನೂರಕ್ಕೆ 12 ಜನ ಸಸ್ಪೆಂಡ್ ಆಗ್ತಿದ್ರು, ಬಿಳಿ ಹುಡುಗಿಯರಲ್ಲಿ ನೂರಕ್ಕೆ 2. ಆರು ಪಟ್ಟು. ಗಂಡುಹುಡುಗರಲ್ಲಿ ಈ ಅಂತರ ಸುಮಾರು ಮೂರು ಪಟ್ಟು. ಆಮೇಲೆ 2017ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಮಾಡಿದ ಒಂದು ಅಧ್ಯಯನ ಬಂತು. ಐದು ವರ್ಷದಿಂದಲೇ ಕಪ್ಪು ಹುಡುಗಿಯನ್ನ ದೊಡ್ಡವರು ಮಗು ಅಂತ ನೋಡಲ್ಲ, ಅವಳಿಗೆ ಮುದ್ದು, ಸಮಾಧಾನ, ಆಸರೆ ಕಡಿಮೆ ಸಾಕು ಅನ್ಕೋತಾರೆ ಅಂತ.

ನಾನು ಐದನೇ ಕ್ಲಾಸಲ್ಲಿದ್ದಾಗ ಮೇಷ್ಟ್ರು "ನೀನು ಗಟ್ಟಿಮುಟ್ಟು, ಗುಡಿಸು" ಅನ್ನೋರು. ಕಸ ಗುಡಿಸೋಕೆ, ಕಕ್ಕಸು ತೊಳೆಯೋಕೆ ನಾನು ಗಟ್ಟಿಮುಟ್ಟು. ಕುಡಿಯೋ ನೀರು ತರೋಕೆ ಮಾತ್ರ ನನಗಿಂತ ಸಣಕಲು ಹುಡುಗಿ ಹೋಗ್ಬೇಕಿತ್ತು, ಬಿಂದಿಗೆ ನಾನು ಮುಟ್ಟೋ ಹಾಗಿರಲಿಲ್ಲ. ಎದುರು ಮಾತಾಡಿದ್ರೆ 'ಬಾಯಿಬಡುಕಿ'. ಹತ್ತು ವರ್ಷ ನನಗೆ. ಇವತ್ತಿಗೂ ನನ್ನನ್ನ ಜೋರು ಹೆಂಗಸು ಅಂತಾರೆ, ಹೊಗಳಿಕೆ ಅಂದ್ಕೊಂಡು.

ನಮಗೆ ಇದನ್ನೆಲ್ಲ ಹೇಳೋಕೆ ಅಮೆರಿಕದವರೇ ಬರಬೇಕಾ ಅಂತ ಕೆಲವರು ಕೇಳಬಹುದು. ಇಲ್ಲ. 1995ರಲ್ಲೇ ನಮ್ಮ ಬೆಂಗಳೂರಿನ ರೂತ್ ಮನೋರಮಾ ಮೇಡಂ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದ್ರು. ದಲಿತರೊಳಗಿನ ದಲಿತರು ಹೆಣ್ಣುಮಕ್ಕಳು ಅಂತ ಅವರು ಹೇಳ್ತಾನೇ ಬಂದ್ರು. ಪ್ರಪಂಚ ಕೇಳಿಸ್ಕೊಂಡು 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಕೊಟ್ಟಿತು. 1997ರಲ್ಲಿ ಆ ಲಾರೀಲಿ ನಿಂತಿದ್ದ ನನಗೆ ಮಾತ್ರ ಆ ಮಾತು ಯಾರೂ ತಲುಪಿಸಿರಲಿಲ್ಲ. ಇನ್ನು ಕಪ್ಪು ಜನರ ಜೊತೆ ನಮ್ಮ ನಂಟು ಇವತ್ತಿನದಲ್ಲ. ಬಾಬಾಸಾಹೇಬರು 1946ರಲ್ಲೇ ಡುಬೊಯ್ಸ್ ಅವರಿಗೆ ಪತ್ರ ಬರೆದಿದ್ರು, ನೀಗ್ರೋ ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ. ದಲಿತ ಪ್ಯಾಂಥರ್ ಹೆಸರು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತು. ಪ್ಯಾಂಥರ್ ಹೆಸರು ತಗೊಳ್ಳುವಾಗ ಯಾರೂ ಅದನ್ನ ವಿದೇಶಿ ಭಾಷೆ ಅನ್ನಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರ ದಾರಿ ನಮಗೆ ನೇರವಾಗಿ ಹೊಂದಲ್ಲ, ಇದನ್ನ ಹೇಳಲೇಬೇಕು. 'ಅವಳ ಹೆಸರು ಹೇಳಿ' ಅಂತ ಅವರು ಸುಲಭವಾಗಿ ಹೇಳ್ತಾರೆ. ನಮ್ಮಲ್ಲಿ ಅತ್ಯಾಚಾರಕ್ಕೆ ಒಳಗಾದವಳ ಹೆಸರು ಹೇಳೋದು ಅಪರಾಧ, ಮೊದಲು ಐಪಿಸಿ 228ಎ, ಈಗ ನ್ಯಾಯ ಸಂಹಿತೆಯ 72. ಇರಬೇಕಾದ ಕಾನೂನೇ. ಬದುಕಿರೋ ಹುಡುಗಿ ಮತ್ತೆ ಊರಲ್ಲಿ ಬಾಳಬೇಕಲ್ಲ. ನಮ್ಮ ಹೆಣ್ಮಕ್ಕಳ ಸಾವು ಎಷ್ಟೋ ಸಲ ಆ ಹಿಂಸೆಯ ಜೊತೆಗೇ ಬರುತ್ತೆ. ಹಾಗಾಗಿ ಕಾನೂನು ಹೆಸರು ಮುಚ್ಚುತ್ತೆ, ಮನೆಯವರು ಮಾನಕ್ಕೆ ಹೆದರಿ ಮುಚ್ತಾರೆ, ಸಂಘಟನೆ ಪಟ್ಟಿಯಿಂದ ಬಿಡುತ್ತೆ. ಮೊದಲನೇದು ಅವಳನ್ನ ಕಾಪಾಡೋಕೆ. ಮೂರನೇದು ಯಾರನ್ನ ಕಾಪಾಡೋಕೆ?

ಸಭೇಲಿ ನಾನು ಕೇಳಿದ ಪ್ರಶ್ನೆಗೆ ಆ ಹಿರಿಯರು ಕೊನೆಗೆ ಹೇಳಿದ್ದು ಇದನ್ನೇ: "ನಿಮ್ ಚಿಕ್ಕವ್ವಂದು ಸೇರಿಸ್ಬೇಕು ಅಂತ್ಲೇ ಅಲ್ವೇನವ್ವ ಇಷ್ಟೆಲ್ಲ? ಹಂಗಾದ್ರೆ ಬರ್ದ್ಬುಡು, ಯಾರ್ ಬ್ಯಾಡ ಅಂದೋರು." ಎದುರಿಗೆ ಪೆನ್ನು ತಳ್ಳಿದ್ರು. 1997ರ ಲಾರೀಲಿ ನನಗೆ ಉತ್ತರ ಕೊಟ್ಟ ಅಣ್ಣ ಅವರೇ. ಕೋಪಕ್ಕೆ ಹೇಳಿದ್ರೋ, ಒಳಗೆ ಏನಾದ್ರೂ ಚುಚ್ಚಿ ಹೇಳಿದ್ರೋ, ಮುಖ ನೋಡಿ ಗೊತ್ತಾಗಲಿಲ್ಲ. ಪೆನ್ನು ತಗೊಂಡೆ. ಬರೆಯೋಕೆ ಆಗಲಿಲ್ಲ.

ಯಾಕಂದ್ರೆ ಆ ಹೆಸರು ನನ್ನದಲ್ಲ. ಫೀನಿಕ್ಸಲ್ಲಿ ಪೆಟ್ಟಿಗೆ ಹೊರಿಸಿದ್ದು ತಾಯಿ, ಸಂಸ್ಥೆ ಅಲ್ಲ. ಚಿಕ್ಕವ್ವನ ಮಗಳಿದ್ದಾಳೆ. ಅವತ್ತು ನಾಲ್ಕು ವರ್ಷ ಇದ್ದವಳು ಈಗ ಬೆಂಗಳೂರಲ್ಲಿ ಸ್ಟಾಫ್ ನರ್ಸು, ಎರಡು ಮಕ್ಕಳ ತಾಯಿ. ಅವಳ ಅತ್ತೆ ಮನೆಯವರಿಗೆ 'ತಾಯಿ ಹೊಟ್ಟೆನೋವಿಂದ ಸತ್ತಿದ್ದು' ಅಂತಲೇ ಹೇಳಿ ಮದುವೆ ಮಾಡಿದ್ದು ನಾವು. ಪೊಲೀಸರ ಸುಳ್ಳನ್ನ ನಾವೇ ಲಗ್ನಪತ್ರಿಕೆ ಜೊತೆ ಹಂಚಿದ್ವಿ.

ಸೋಮವಾರ ರಾತ್ರಿ ಅವಳಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ, ಪಟ್ಟಿ ವಿಷಯ, ಸಭೆ ವಿಷಯ, ಬಳೆ ವಿಷಯ. ಬಳೆ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಸುಮಾರು ಹೊತ್ತು ಮಾತಾಡಲಿಲ್ಲ. ಹಿಂದೆ ಕುಕ್ಕರ್ ಕೂಗ್ತಿತ್ತು.

"ಅಕ್ಕ, ಫೇಸ್‌ಬುಕ್ಕಲ್ಲಿ ಹೆಸ್ರು ಹಾಕ್ಬೇಡ. ಇವ್ರಿಗೆ ಮೊದ್ಲು ನಾನು ಹೇಳ್ಬೇಕು. ಹೇಳ್ತೀನಿ. ಡಿಸೆಂಬರ್ ಆರಕ್ಕೆ ರಜ ಸಿಕ್ಕುದ್ರೆ ನಾನೇ ಬತ್ತೀನಿ. ಬಂದ್ರೆ ನಾನೇ ಹೇಳ್ತೀನಿ ನಮ್ಮವ್ವನ್ ಹೆಸ್ರ. ಬರ್ಲಿಲ್ಲ ಅಂದ್ರೆ ನೀನು ಹೇಳ್ಬೇಡ."

ಆಯ್ತು ಅಂದೆ.

ಡಿಟಿಪಿ ಅಂಗಡೀಲಿ ಪಟ್ಟಿಯ 15ನೇ ಸಾಲು ಖಾಲಿ ಬಿಡೋಕೆ ಹೇಳಿದೀನಿ. ಹುಡುಗ "ಚುಕ್ಕಿ ಹಾಕ್ಲಾ ಅಕ್ಕ?" ಅಂದ, ಬೇಡ ಅಂದೆ. ಸಮಿತಿ ಇನ್ನೂ ಒಪ್ಪಿಲ್ಲ. ಬರೋ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ಸಭೆ ಇದೆ, ತಾಲ್ಲೂಕಿನವರು ಬನ್ನಿ, ಮುಖ್ಯವಾಗಿ ಹೆಣ್ಮಕ್ಕಳು. ನಿಮ್ಮೂರ ಪಟ್ಟಿಯಲ್ಲಿ ಬಿಟ್ಟುಹೋದವರಿದ್ರೆ ಹೆಸರನ್ನ ಇಲ್ಲಿ ಕಾಮೆಂಟಲ್ಲಿ ಬರೀಬೇಡಿ. ಮೊದಲು ಅವಳ ಮನೆಗೆ ಹೋಗಿ ಕೇಳಿ. ಆಮೇಲೆ ನನಗೆ ಫೋನ್ ಮಾಡಿ.